ಐವತ್ತೆರಡು ಮನೆಗಳ ಪಟ್ಟಿ

“ಇನ್ನೊಂದು ಯೋಳಿ. ಒಂದ್ಸಲ ಬಂದ ಎಸ್ರು ಮತ್ತೆ ಬರಬಾರ್ದು,” ಎಂದಳು ಸರೋಜಾ, ಕೀಬೋರ್ಡಿನ ಮೇಲೆ ಬೆರಳಿಟ್ಟು.

“ಸಾತ್ಯಕಿ,” ಎಂದ ಅವಳ ಗಂಡ ಪ್ರಭುಸ್ವಾಮಿ.

“ಒಂದೇ ದಿನ ಇಷ್ಟು ಜನುಕ್ಕೆ ನಾಮಕರಣ ಮಾಡ್ದೋರು ತಾಳವಾಡೀಲಿ ನೀವೊಬ್ರೇ ಕಣಿ.”

ಅವನು ನಗಲಿಲ್ಲ. ಹರಿಕಥೆ ಕೇಳಿ ಬೆಳೆದವನ ಬಾಯಲ್ಲಿ ಸುಳ್ಳಿಗೂ ಪುರಾಣದ ಹೆಸರೇ ಬರುತ್ತಿತ್ತು. ಸೋಮವಾರ ಬೇರೆ, ಮಾದಪ್ಪನ ವಾರ. ದೇವರ ಪಟಕ್ಕೆ ಬೆನ್ನು ಹಾಕಿ ಕೂತಿದ್ದ.

ಅದು 2008. ಬೆಟ್ಟದ ಮೇಲೆ ಟವರ್ ನಿಲ್ಲಿಸಿ ಸುತ್ತಲ ಹಳ್ಳಿಗಳಿಗೆ ಇಂಟರ್ನೆಟ್ ಕೊಡುತ್ತಿದ್ದವನು ಅವನು. ಸಂಪರ್ಕ ಒಂದಕ್ಕೆ ಐಪಿ ವಿಳಾಸ, ಅಂದರೆ ಅದನ್ನು ಗುರುತಿಸುವ ಸಂಖ್ಯೆ, ಒಂದು ಬೇಕು. ವಿಳಾಸಗಳನ್ನು ಎರವಲು ಕೊಟ್ಟಿದ್ದ ದೊಡ್ಡ ಕಂಪನಿ ತಿಂಗಳ ಕೊನೆಗೆ ಹಿಂದಕ್ಕೆ ಪಡೆಯುತ್ತಿತ್ತು. ಸ್ವಂತದ್ದು ಬೇಕೆಂದರೆ, ಬಳಸುವವರ ಪಟ್ಟಿಗೆ ಸಹಿ ಹಾಕಿ, ಅಷ್ಟೂ ಅಗತ್ಯವೆಂದು ವಿಳಾಸ ಹಂಚುವ ಚೆನ್ನೈ ಕಚೇರಿಯನ್ನು ಒಪ್ಪಿಸಬೇಕು. ಒಪ್ಪದಿದ್ದರೆ ಟವರ್ ಬರೀ ಕಬ್ಬಿಣ.

“ಯಾರಾದ್ರೂ ಬಂದು ನೋಡುದ್ರೆ?” ಸರೋಜಾ ಕೇಳಿದಳು.

“ಇಪ್ಪತ್ತೇಳು ತಿರುವು ಅತ್ಕಂಡು ಯಾರು ಬತ್ತರೆ, ಬುಡು.”

ಪಟ್ಟಿ ಕಳಿಸಿದ ಒಂಬತ್ತನೆಯ ದಿನ ಬಂದರು. ಕಚೇರಿಯ ಅಧಿಕಾರಿ ಪರಿಮಳ. ಹೊಸೂರಿನವರು, ಕನ್ನಡ ಬಲ್ಲವರು.

“ಪಣಕಹಳ್ಳಿಗೆ ನಡೀರಿ. ಈ ಸಾತ್ಯಕಿ ಮನೆ ನೋಡೋಣ.”

ಪ್ರಭುಸ್ವಾಮಿ ಜೀಪು ಹತ್ತಿ ಬಾಗಿಲು ಮುಚ್ಚಿದ. ಇಳಿದು ಓಡೋಣವೆಂದರೆ ದಾರಿ ತೋರಿಸಬೇಕಾದವನು ತಾನೇ.

ಊರ ಮುಂದೆ ಮುದುಕ ನಂಜಯ್ಯ ಕೋಸಿನ ಮೂಟೆ ಹೊಲಿಯುತ್ತಿದ್ದ.

“ಸಾತ್ಯಕಿಯಾ? ಅವ್ರು ಕುರುಕ್ಷೇತ್ರದಲ್ಲವ್ರೆ ಕಣವ್ವಾ. ಪಣಕಳ್ಳೀಲಿ ಇಲ್ಲ.”

ಪಟ್ಟಿಯಲ್ಲಿದ್ದ ವಿಕರ್ಣನೂ ಇರಲಿಲ್ಲ. ಪರಿಮಳ ಎರಡು ಗೀಟು ಎಳೆದರು.

“ಸುಳ್ಳು ಪಟ್ಟಿ ಕೊಟ್ಟವರ ಅರ್ಜಿ ಮತ್ತೆಂದೂ ತೆಗೆದುಕೊಳ್ಳೋದಿಲ್ಲ. ಗೊತ್ತಲ್ಲ?”

ಪ್ರಭುಸ್ವಾಮಿ ತಲೆಯಾಡಿಸಿದ. ಮಾತಾಡಿದರೂ ನಂಬುವವರಿರಲಿಲ್ಲ.

ಹಿಂದಿರುಗುವಾಗ ಪರಿಮಳರ ಕಣ್ಣು ಒಂದು ಮನೆಯ ಮಾಡಿನ ಮೇಲೆ ಹೋಯಿತು. ಪ್ರಭುಸ್ವಾಮಿಯ ಕಂಪನಿಯ ಇಂಟರ್ನೆಟ್ ಡಬ್ಬಿ. ಪಕ್ಕದ ಮನೆಯ ಮೇಲೂ ಒಂದು. ಅದರಾಚೆಯ ಮನೆಯ ಮೇಲೂ. ಅವರು ಬಾಗಿಲು ತಟ್ಟಿದರು.

“ನಿಮ್ಮ ಹೆಸರು?”

“ಎಂ. ಮಾದೇವ.”

ಎರಡನೆಯ ಮನೆಯಲ್ಲೂ ಎಂ. ಮಾದೇವ. ಮೂರನೆಯದರಲ್ಲೂ.

ಹಿಂದೆಯೇ ಬಂದಿದ್ದ ನಂಜಯ್ಯ ಕಿಸಕ್ಕನೆ ನಕ್ಕ. “ನಮ್ಮಲ್ಲಿ ಚೊಚ್ಚಲ ಗಂಡು ಮಾದಪ್ಪಂದು ಕಣವ್ವಾ. ಅಪ್ಪನೂ ಮಾದೇವ, ಮಗನೂ ಮಾದೇವ. ನಾನು ಎರಡ್ನೇವ್ನು, ಅದ್ಕೆ ನಂಜಯ್ಯ.”

ಪರಿಮಳರ ಪೆನ್ನು ಗಾಳಿಯಲ್ಲಿ ನಿಂತಿತು. ಆದರೆ ಸಹಿ ಇದ್ದದ್ದು ಸುಳ್ಳು ಪಟ್ಟಿಗೆ, ನಿಯಮ ನಿಯಮವೇ. ಪ್ರಭುಸ್ವಾಮಿಯ ಮುಖ ನೋಡದೆ ‘ವಜಾ’ ಎಂದು ಬರೆದರು.

ಅವನು ಮೊದಲು ಕಳಿಸಿದ್ದ ನಿಜವಾದ ಪಟ್ಟಿಯನ್ನು, ‘ಐವತ್ತೆರಡು ಮನೆಗಳಲ್ಲಿ ಒಂದೇ ಹೆಸರು ನಲವತ್ತೊಂದು ಸಲ, ಕಟ್ಟುಕಥೆ’ ಎಂದು ಷರಾ ಬರೆದು ಹಿಂದಿರುಗಿಸಿದ್ದವರೂ ಅವರೇ.