ಉಡಿಯೊಳಗಿನದು

ಗಡಿಯ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತು. "ಆಚೆ ರಾಜ್ಯದಾಗ ಪಿಸ್ತೂಲು ಮುಚ್ಚಿಡೂ ಹಂಗಿಲ್ರೀ. ಇದ್ದವ್ರು ಹೊರಗ ತಗೀರಿ," ಎಂದು ಕಂಡಕ್ಟರ್ ಎಂದಿನಂತೆ ಕೂಗಿದ. ಜನ ಆಕಳಿಸುತ್ತ ಸೊಂಟದಿಂದ, ರೊಟ್ಟಿಗಂಟಿನಿಂದ ತಮ್ಮತಮ್ಮದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಮಡಿವಾಳಪ್ಪನೂ ತನ್ನದನ್ನು ತೆಗೆದ. ಪಕ್ಕದಲ್ಲಿದ್ದ ಹೆಂಡತಿ ಶಾಂತವ್ವ ಸೀರೆಯ ಉಡಿಗೆ ಕೈಹಾಕಿ ಪುಟ್ಟದೊಂದನ್ನು ತೆಗೆದಾಗ ಅವನು ತನ್ನದನ್ನು ಮರೆತು ಅದನ್ನೇ ನೋಡಿದ. ಹನ್ನೊಂದು ವರ್ಷದ ಸಂಸಾರದಲ್ಲಿ ಅದನ್ನವನು ಕಂಡಿರಲಿಲ್ಲ.

"ಯಾರು ಕೊಟ್ರು?"

"ಅವ್ವ. ಮದುವ್ಯಾದ ವರ್ಷ ಪಂಚಮಿಗೆ ತವರಿಗೆ ಹೋದಾಗ ನನ್ನ ಬೆನ್ನಮ್ಯಾಲಿನ ಬಾಸುಂಡೆ ನೋಡಿದ್ಲು. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಜೋಡಿ ಇದನ್ನೂ ಹಾಕಿದ್ಲು."

ಬಸ್ಸು ಗಡಿ ದಾಟಿತು. ಅವನು ಮೆಲ್ಲಗೆ ಕೇಳಿದ, "ವಾಪಸ್ ಬರುವಾಗ?"

"ಮತ್ತ ಮುಚ್ಚಿಡ್ತೀನ್ರಿ," ಎಂದಳು ಶಾಂತವ್ವ. "ಆದ್ರ ಇನ್ನ ಮ್ಯಾಲೆ ನಿಮಗ ಗೊತ್ತಿರ್ತದ."