ಬಲ ಮುಂಗಾಲು

“ಹತ್ತು ಸಲ ಹೇಳೀನಿ, ಕುದುರಿ ಕಾಲು ಬಿಸಿ ಐತಿ, ಒಳಗ ನರಕ್ಕ ಪೆಟ್ಟಾಗೈತಿ! ಓಡಿಸಿದ್ರ ಮುರೀತೈತಿ. ನಿನಗ ಕಿವಿ ಅದಾವೋ ಇಲ್ಲೋ ಹನುಮಂತಣ್ಣಾ?”

“ಒದರಬ್ಯಾಡಲೇ ಮೌನ್ಯಾ. ಮಾಲಕನ ಮಂದಿ ಬಂದು ಕುಂತಾರ,” ಎಂದ ಹನುಮಂತರಾಯ. ಆ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸರಿಗೆಲ್ಲ ಅವನೇ ಜಮಾದಾರ. “ಮುಂಜಾನಿ ಏಳಕ್ಕ ಡಾಕ್ಟ್ರು ಮುಟ್ಟಿ ನೋಡ್ಯಾರ. ತಣ್ಣಗಿತ್ತು. ಓಡಬಹುದು ಅಂತ ಬರದೂ ಕೊಟ್ಟಾರ.”

“ತಣ್ಣಗ ಇರಲಾರ್ದ ಏನಾಕ್ಕೈತಿ? ಐದರಿಂದ ನೀರಿನ ಪೈಪ್ ಹಿಡಕೊಂಡು ನಿಂತಿದ್ದೆ ನಾನು!”

ಹಾಗೆಂದ ಮೇಲೇ ತಾನು ಮಾಡಿದ್ದೇನೆಂದು ಮೌನಪ್ಪನಿಗೆ ಹೊಳೆದದ್ದು. ನಸುಕಿನಲ್ಲಿ ಕುದುರೆಯ ಕಾಲಿಗೆ ತಣ್ಣೀರು ಬಿಡುವುದು ಸೈಸನ ನಿತ್ಯದ ಕೆಲಸ. ಇವತ್ತು ಬಲ ಮುಂಗಾಲಿನ ನರ ಬೆಚ್ಚಗಿದೆಯೆಂದು ಅರ್ಧ ತಾಸು ಹೆಚ್ಚಿಗೇ ಬಿಟ್ಟಿದ್ದ, ಪಾಪ, ಹಾಯೆನಿಸಲಿ ಎಂದು. ಡಾಕ್ಟರ ಕೈಗೆ ಸಿಕ್ಕಿದ್ದು ಆ ತಂಪೇ.

“ನೀನೇ ತಂಪು ಮಾಡಿ ನೀನೇ ಬಿಸಿ ಅಂತೀಯಲ್ಲೋ. ಭಾಳ ಶಾಣ್ಯಾ ಅದಿ ಬಿಡು.”

ಮಲಕಪೇಟೆಯ ಕುದುರೆ ರೇಸಿನ ಆ ಸೀಸನ್ನಿಗೆ ಅದು ಕೊನೆಯ ಭಾನುವಾರ. ಬೇವು ಹೂ ಬಿಟ್ಟಿತ್ತು, ಲಾಯದ ತಗಡು ಹನ್ನೊಂದಕ್ಕೇ ಕಾದಿತ್ತು. ನಾಲ್ಕು ತಿಂಗಳಿಂದ ಕೋಳಿಗಿಂತ ಮೊದಲು ಏಳುತ್ತಿದ್ದ ಸೈಸರು ನಿಂತಲ್ಲೇ ತೂಕಡಿಸುತ್ತಿದ್ದರು. ರೇಸಿನ ಪುಸ್ತಕದಲ್ಲಿ ಸಂದಲ್ ಕ್ವೀನ್ ಎಂದು ಅಚ್ಚಾದ, ಮೌನಪ್ಪ ಗಂಗಿ ಎಂದು ಕರೆಯುವ ಆ ಹೆಣ್ಣು ಕುದುರೆಯೂ ಕತ್ತು ಇಳಿಬಿಟ್ಟಿತ್ತು.

“ನೀರು ನಿಲ್ಲಿಸಿ ನಾಕು ತಾಸಾತು. ಈಗ ಮುಟ್ಟು. ನೀನೂ ಸೈಸ ಇದ್ದಾಂವ ಅಲ್ಲೇನು?”

ಹನುಮಂತರಾಯ ತನ್ನ ಮೊಣಕಾಲು ಹಿಡಿದು ಕುಕ್ಕರಿಸಿದ. ಅಂಗೈ ತಿರುವಿ, ಕೈಯ ಹಿಂಬದಿಯಿಂದ ನರವನ್ನು ಮೇಲಿಂದ ಕೆಳಕ್ಕೆ ಸವರಿದ. ಅರ್ಧಕ್ಕೆ ಕೈ ನಿಂತಿತು. ಗಂಗಿ ಕಾಲು ಎಳೆದುಕೊಂಡಿತು. ಅವನು ನಿಧಾನಕ್ಕೆ ಎದ್ದು ಪೈಜಾಮಕ್ಕೆ ಕೈ ಒರೆಸಿಕೊಂಡ.

“ತಣ್ಣಗೈತಿ.”

“ನನ್ನ ಮಾರಿ ನೋಡಿ ಹೇಳು.”

“ತಣ್ಣಗೈತಿ ಅಂದ್ನಲ್ಲೋ! ಈ ಸೀಸನ್ನಿನಾಗ ಒಂದಾರ ಗೆದ್ದೈತೇನು ನಮ್ಮ ಲಾಯ? ಇದೂ ಓಡ್ಲಿಲ್ಲ ಅಂದ್ರ ಮಾಲಕ ಎಲ್ಲಾ ಕುದುರಿ ಬ್ಯಾರೆ ಕಡೆ ಕಟ್ತಾನ. ಹನ್ನೊಂದು ಮಂದಿ ಸೈಸರನ್ನ ನಿನ್ನ ಮನೀಗೆ ಕಳಸ್ಲ್ಯಾ ಉಣ್ಣಾಕ?”

ಮೌನಪ್ಪ ಹಗ್ಗವನ್ನು ಅವನ ಕೈಗೆ ತುರುಕಿದ. “ನೀನೇ ಎಳಕೊಂಡು ಹೋಗು.”

“ಎಲ್ಲಿಗ್ಹೋಗ್ತಿ? ಸಂಜಿಗೆ ಗಂಗಿಗೆ ದಾಣಿ ಇಡಾಕ ಬಂದೇ ಬರ್ತಿ!”

ಹೊರಗೆ ರಸ್ತೆ ತುಂಬ ರೇಸಿನ ಜನ. ಮೌನಪ್ಪ ಬೈಯುತ್ತ ನಡೆದಿದ್ದ. ಆ ತೆಲುಗು ಊರಿನಲ್ಲಿ ಅವನ ಕನ್ನಡ ಕೇಳಿ, ಕಂಕುಳಲ್ಲಿ ರೇಸಿನ ಪುಸ್ತಕ ಇಟ್ಟುಕೊಂಡವನೊಬ್ಬ ಆಟೋ ಇಳಿದು ಓಡಿಬಂದ. ಅಂಗಿಗೆ ಅಂಟಿದ ಹುಲ್ಲು ನೋಡಿದ.

“ನಮ್ಮ ಕಡ್ಯಾವ್ರೇನ್ರಿ? ಸೈಸರಿದ್ದಂಗ ಅದೀರಿ. ಸಂದಲ್ ಕ್ವೀನ್ ಹೆಂಗೈತ್ರಿ ಇವತ್ತು?”

ಮೌನಪ್ಪ ಅವನ ರಟ್ಟೆ ಹಿಡಿದ. “ಕಾಲು ಹೋಗೈತ್ರೀ ಅದರದು. ಒಳಗ ಹೋಗಿ ಒದರಿ ಹೇಳ್ರಿ, ನಾಕು ಮಂದಿ ಕೇಳಿದ್ರ ನಿಲ್ಲಿಸ್ತಾರ. ನಿಮ್ಮ ಕಾಲು ಬೀಳ್ತೀನಿ.”

ಆ ಮನುಷ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮೆಲ್ಲಗೆ ಮುಗುಳ್ನಕ್ಕ.

“ತಿಳೀತು ಬಿಡ್ರಿ. ಮಂದಿ ರೊಕ್ಕ ಹಚ್ಚಬಾರ್ದು ಅಂತ ಸೈಸ ಬ್ಯಾಡ ಅಂದ್ನಂದ್ರ ಅದ ಗೆಲ್ಲೂ ಕುದುರಿ.”

ಪುಸ್ತಕ ಎದೆಗೆ ಒತ್ತಿಕೊಂಡು ಅವನು ಗೇಟಿನೊಳಗೆ ಓಡಿದ. ಮೌನಪ್ಪ ಊರಿನ ರೈಲು ಹಿಡಿಯಲು ಕಾಚಿಗೂಡ ಸ್ಟೇಷನ್ನಿನ ಕಡೆ ನಡೆದ.