ನಿನ್ನ ಭಾಷೆಯಲ್ಲೇ

ಬೀಜಗಣಿತದ ಆಯ್ಕೆ ಪರೀಕ್ಷೆ ಶುರುವಾಗಿ ಎರಡು ನಿಮಿಷವೂ ಆಗಿರಲಿಲ್ಲ. ಕೌನ್ಸೆಲರ್ ಹೆಂಡ್ರಿಕ್ಸ್ ಮೇಡಂ ಬಂದವರೇ ಫಿಡೇಲಿಯಾಳ ಮುಂದಿದ್ದ ಇಂಗ್ಲಿಷ್ ಪ್ರಶ್ನೆಪತ್ರಿಕೆ ತೆಗೆದುಕೊಂಡು ಸ್ಪ್ಯಾನಿಷ್‌ನದನ್ನು ಇಟ್ಟರು.

“ಗ್ವಾಟೆಮಾಲಾದಿಂದ ಬಂದೋಳಲ್ವಾ? ತಗೋ ಕಂದಾ, ನಿನ್ನ ಭಾಷೇಲೇ ಬರಿ.”

“ಮಿಸ್, ನಮ್ದು ಮಾಮ್ ಅಂತ ಬೇರೇನೇ ಭಾಷೆ. ಸ್ಪ್ಯಾನಿಷ್ ನಂಗೆ ಬರಲ್ಲ. ಇಂಗ್ಲಿಷಿಂದೇ ಕೊಡಿ.”

“ನಾಚ್ಕೋಬೇಡ್ವೇ! ನಾನೂ ಅಲ್ಲಿಗೆ ಟೂರ್ ಹೋಗಿದ್ದೆ. ಎಲ್ರೂ ಸ್ಪ್ಯಾನಿಷ್ಷೇ ಮಾತಾಡ್ತಿದ್ರು.”

ಓಕ್‌ಲ್ಯಾಂಡಿನ ಆ ಶಾಲೆಯಲ್ಲಿ ದಯೆಗೇನೂ ಬರವಿರಲಿಲ್ಲ. ಬರವಿದ್ದದ್ದು ಕೇಳಿಸಿಕೊಳ್ಳುವ ಕಿವಿಗೆ. ಬರೀ ಅಂಕಿಗಳ ಹತ್ತು ಲೆಕ್ಕವನ್ನೂ ಫಿಡೇಲಿಯಾ ಸರಿಯಾಗಿ ಮಾಡಿದಳು. ಮಾತಿನಲ್ಲಿ ಕೇಳಿದ್ದ ಇಪ್ಪತ್ತು ಖಾಲಿ ಉಳಿದವು. ಮೂರೇ ವರ್ಷದಲ್ಲಿ ಇಂಗ್ಲಿಷ್ ಕಲಿತು, ಮೇಲಿನ ತರಗತಿಯ ಲೆಕ್ಕಗಳನ್ನೆಲ್ಲ ಮನೆಯಲ್ಲೇ ಬಿಡಿಸಿ ಮುಗಿಸಿದ್ದ ಹುಡುಗಿ! ಎಂಟನೇ ತರಗತಿಯಲ್ಲಿ ಬೀಜಗಣಿತ ಸಿಗದಿದ್ದರೆ ಮುಂದೆ ಭೌತಶಾಸ್ತ್ರದ ಆಸೆ ಬಿಡಬೇಕು. ಪರೀಕ್ಷೆ ವರ್ಷಕ್ಕೊಂದೇ ಸಲ.

ಹದಿನೈದು ದಿನದ ಮೇಲೆ ತಾಯಿ ಕತರೀನಾಗೆ ಕರೆ ಬಂತು. ಲಾಂಡ್ರಿಯ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಳು. ಶಾಲೆ ದುಭಾಷಿಯನ್ನೂ ಕರೆಸಿತ್ತು, ಅದೂ ಸ್ಪ್ಯಾನಿಷ್‌ನವಳನ್ನೇ. ಆಕೆ ಹೇಳಿದ್ದಕ್ಕೆಲ್ಲ ಕತರೀನಾ ಏನೂ ಅರ್ಥವಾಗದೆ ತಲೆಯಾಡಿಸಿದಳು.

“ತನ್ನ ಭಾಷೇಲಿ ಕೊಟ್ರೂ ಆಗ್ಲಿಲ್ಲ ನೋಡಿ,” ಎಂದರು ಮೇಡಂ, ಮರುಕದಿಂದ. “ಗಣಿತ ಎಲ್ರಿಗೂ ಒಲಿಯಲ್ಲ. ಮಕ್ಕಳ ಆರೈಕೆ ಅಂತ ಒಂದು ಕ್ಲಾಸಿದೆ. ಇಂಥ ಹೆಣ್ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ.”

ತಾಯಿ ಪಕ್ಕದಲ್ಲಿ ಕೂತಿದ್ದ ಮಗಳ ಕಡೆ ತಿರುಗಿದಳು. “ಏನಂತೆ ಕಣೇ?”

ಫಿಡೇಲಿಯಾ ಮಾಮ್‌ನಲ್ಲಿ ಎಲ್ಲವನ್ನೂ ಹೇಳಿದಳು. ಕತರೀನಾ ಕೆಂಡವಾದಳು.

“ಮಗು ನೋಡ್ಕೊಳ್ಳೋದನ್ನ ಇವ್ರು ಕಲಿಸ್ತಾರಂತಾ? ಏಳನೇ ವಯಸ್ಸಿಂದ ಮೂರು ಕೂಸುಗಳನ್ನ ಬೆನ್ನಿಗೆ ಕಟ್ಕೊಂಡು ಸಾಕಿದೋಳು ನೀನು. ಬರೋದನ್ನೇ ಕಲಿಯೋಕೆ ಶಾಲೆ ಯಾಕೆ ಅಂತ ಕೇಳು!”

ಫಿಡೇಲಿಯಾ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಕೊನೆಗೆ ತನ್ನದೂ ಒಂದು ಮಾತು ಸೇರಿಸಿದಳು: “ಇಂಗ್ಲಿಷ್ ಪೇಪರ್ ಕೊಡಿ ಮಿಸ್, ಇಲ್ಲೇ ಕೂತು ಬರೀತೀನಿ.”

ಮೇಡಂ ಮುಖ ಅರಳಿತು.

“ಮೂರು ಮಕ್ಕಳನ್ನಾ? ಏಳನೇ ವಯಸ್ಸಿಂದ್ಲಾ?” ಎನ್ನುತ್ತ ಫಾರಂ ಎಳೆದುಕೊಂಡು ಅವಳ ಹೆಸರು ಬರೆಯತೊಡಗಿದರು. “ಮೊದ್ಲೇ ಹೇಳ್ಬಾರ್ದಿತ್ತಾ ಕಂದಾ! ಆ ಕ್ಲಾಸಲ್ಲಿ ನೀನೇ ಫಸ್ಟು!”